ರಾತ್ರಿ ಹತ್ತಕ್ಕೆ ಯಂತ್ರವೇಕೆ ಸುಮ್ಮನಾಗಬೇಕು?

ಏಪ್ರಿಲ್ ತಿಂಗಳ ಮಧ್ಯಾಹ್ನ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸನ್ನು ಮೀರುವುದು ಸಾಮಾನ್ಯ. ಮನೆ ಕಟ್ಟುವ ಗೌಂಡಿಗಳೂ ಕೂಲಿಕಾರರೂ ಬಿಸಿಲೇರುವ ಮುನ್ನವೇ ಕೆಲಸಕ್ಕೆ ತೊಡಗಲು, ಇಲ್ಲವೆ ಹೊತ್ತು ಮುಳುಗಿದ ಮೇಲೆ ಅದನ್ನು ಮುಂದುವರಿಸಲು ಬಯಸುವುದು ಸಹಜವೇ ಆಗಿದೆ. ಆದರೆ ಅದೇ ಹೊತ್ತಿನಲ್ಲಿ ನೆರೆಮನೆಯ ವಿದ್ಯಾರ್ಥಿ ಪರೀಕ್ಷೆಗೆ ಓದುತ್ತಿರುತ್ತಾನೆ. ಸೆಕೆ ತಾಳಲಾರದೆ ಮಾಳಿಗೆಯ ಮೇಲೆ ಹಾಸಿಕೊಂಡ ವೃದ್ಧರು ನಿದ್ರೆಗಾಗಿ ಹಂಬಲಿಸುತ್ತಿರುತ್ತಾರೆ. ಇಬ್ಬರ ಹಿತವನ್ನೂ ಕಾಯುವ ಬಗೆ ಯಾವುದು?

ಮೊದಲು ನಿಯಮವನ್ನು ನೋಡೋಣ. 1986ರ ಪರಿಸರ ಸಂರಕ್ಷಣಾ ಕಾಯಿದೆಯ ಮೇರೆಗೆ ಕೇಂದ್ರ ಸರ್ಕಾರವು 2000ದಲ್ಲಿ ಶಬ್ದಮಾಲಿನ್ಯ ನಿಯಮಗಳನ್ನು ಹೊರಡಿಸಿತು. ಇವು ಮಹಾನಗರಗಳಂತೆಯೇ ತಾಲ್ಲೂಕು ಪಟ್ಟಣಗಳಿಗೂ ಅನ್ವಯಿಸುತ್ತವೆ. ಬೆಳಗಿನ 6ರಿಂದ ರಾತ್ರಿ 10ರವರೆಗೆ ಹಗಲೆಂದೂ ಉಳಿದದ್ದು ರಾತ್ರಿಯೆಂದೂ ಇವುಗಳ ಗಣನೆ. ವಾಸದ ಪ್ರದೇಶದಲ್ಲಿ ಸರಾಸರಿ ಶಬ್ದಮಟ್ಟವು ಹಗಲು 55, ರಾತ್ರಿ 45 ಡೆಸಿಬೆಲ್‌ಗಳನ್ನು ಮೀರಬಾರದು. 2010ರ ತಿದ್ದುಪಡಿಯು ಇನ್ನೂ ಖಚಿತವಾಗಿದೆ: ವಾಸದ ಪ್ರದೇಶಗಳಲ್ಲಿಯೂ ಶಾಂತವಲಯಗಳಲ್ಲಿಯೂ ಸದ್ದು ಮಾಡುವ ನಿರ್ಮಾಣಯಂತ್ರಗಳನ್ನು ರಾತ್ರಿಯ ವೇಳೆ ನಡೆಸಲೇ ಕೂಡದು.

ಹಗಲಿಗೂ ರಾತ್ರಿಗೂ ಹತ್ತೇ ಡೆಸಿಬೆಲ್ ಅಂತರವಲ್ಲವೇ ಎಂದು ವಾಚಕರು ಕೇಳಬಹುದು. ಆದರೆ ಡೆಸಿಬೆಲ್ಲು ಕೂಡುತ್ತ ಹೋಗುವ ಅಳತೆಯಲ್ಲ, ಗುಣಿಸುತ್ತ ಹೋಗುವ ಅಳತೆ. 10 ಡೆಸಿಬೆಲ್ ಏರಿದರೆ ಶಬ್ದದ ತೀವ್ರತೆ 10 ಮಡಿ, 20 ಏರಿದರೆ 100 ಮಡಿ. ತೆರೆದ ಬಯಲಿನಲ್ಲಿ ದೂರವು ಇಮ್ಮಡಿಯಾದಂತೆಲ್ಲ ಶಬ್ದವು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕಲ್ಲು ಕೊಯ್ಯುವ ಯಂತ್ರವೊಂದರ ಸದ್ದು 10 ಮೀಟರ್ ದೂರದಲ್ಲಿ 85 ಡೆಸಿಬೆಲ್ ಇದೆಯೆಂದು ಭಾವಿಸೋಣ. ಅದು 55ಕ್ಕೆ ಇಳಿಯಲು ಸುಮಾರು 320 ಮೀಟರ್ ಸಾಗಬೇಕು. 45ಕ್ಕೆ ಇಳಿಯಲು ಸುಮಾರು 1,000 ಮೀಟರ್! ನಡುವಣ ಗೋಡೆಗಳು ಸದ್ದನ್ನು ತಡೆಯುತ್ತವೆ, ನಿಜ. ಮಾಳಿಗೆಯ ಮೇಲೆ ಮಲಗಿದವರಿಗೆ ಆ ಮರೆಯೂ ಇಲ್ಲ.

ರಾತ್ರಿ ಇನ್ನೊಂದು ತೊಡಕುಂಟು. ಕಾದ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು, ತಂಪು ಗಾಳಿಯಲ್ಲಿ ಕಡಿಮೆ. ಹಗಲು ನೆಲದ ಬಳಿಯ ಗಾಳಿಯೇ ಹೆಚ್ಚು ಕಾದಿರುವುದರಿಂದ ಶಬ್ದದ ಅಲೆಗಳು ಮೇಲಕ್ಕೆ ಬಾಗಿ ಚದರಿಹೋಗುತ್ತವೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ನೆಲ ಬೇಗ ತಣಿದು, ಕೆಳಗಿನ ಗಾಳಿ ತಂಪಾಗಿ, ಮೇಲಿನದು ಬೆಚ್ಚಗೆ ಉಳಿಯುತ್ತದೆ. ಆಗ ಅಲೆಗಳು ಕೆಳಕ್ಕೆ ಬಾಗಿ ದೂರದ ಕಿವಿಗಳನ್ನೂ ಮುಟ್ಟುತ್ತವೆ. ನಡುರಾತ್ರಿಯಲ್ಲಿ ದೂರದ ರೈಲಿನ ಕೂಗು ಹತ್ತಿರವೇ ಇದ್ದಂತೆ ಕೇಳಿಸುವುದು ಇದರಿಂದಲೇ.

ಹಾಗಾದರೆ ಕೂಲಿಕಾರನು ಉರಿಬಿಸಿಲಿನಲ್ಲಿಯೇ ಬೇಯಬೇಕೇ? ಬೇಕಿಲ್ಲ. ಈ ನಿಷೇಧವಿರುವುದು ಸದ್ದು ಮಾಡುವ ಯಂತ್ರಗಳಿಗೆ, ದುಡಿಮೆಗಲ್ಲ. ಕಲ್ಲು ಕೊಯ್ಯುವುದು, ಕೊರೆಯುವುದು, ಕಾಂಕ್ರೀಟು ಕಲಸುವುದು ಇವನ್ನು ಬೆಳಗಿನ 6ರ ಮೇಲೆ, ಬಿಸಿಲು ಬಲಿಯುವ ಮುನ್ನ ಮುಗಿಸಬಹುದು, ನಡುಹಗಲು ವಿಶ್ರಮಿಸಬಹುದು. ಸರಳುಗಳಿಗೆ ತಂತಿ ಬಿಗಿಯುವುದು, ಹೊಸ ಗೋಡೆಗೆ ನೀರುಣಿಸುವುದು ಮೊದಲಾದ ಸದ್ದಿಲ್ಲದ ಕೆಲಸಗಳನ್ನು ತಂಪು ಹೊತ್ತಿಗೆ ಇಟ್ಟುಕೊಳ್ಳಬಹುದು.

ನಿಯಮ ಮೀರಿದವರ ಮೇಲೆ ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಇದಕ್ಕಾಗಿ ನೇಮಕವಾದ ಪೋಲೀಸ್ ಅಧಿಕಾರಿಗಳಿಗೆ ದೂರು ಕೊಡಲು ಅವಕಾಶವಿದೆ. ಆದರೆ ಕೆಲಸಕ್ಕೆ ಮೊದಲೇ ನೆರೆಹೊರೆಯವರು ಕೂಡಿ ವೇಳೆಯನ್ನು ಗೊತ್ತುಮಾಡಿಕೊಂಡರೆ ದೂರಿಗೆ ಎಡೆಯೇ ಇರದು. ಒಬ್ಬರ ಮನೆ ಏಳುವಾಗ ಇನ್ನೊಬ್ಬರ ನಿದ್ರೆ ಕೆಡದಿರಲಿ ಎಂಬುದೇ ಈ ನಿಯಮದ ತಿರುಳು.