ಹೆರಿಗೆ ನೋವು: ಗರ್ಭಕೋಶಕ್ಕೆ ಅಪ್ಪಣೆ ಕೊಡುವವರಾರು?

ದಿನ ತುಂಬುವವರೆಗೂ ಗರ್ಭಕೋಶದ ಸ್ನಾಯು ಮಗುವಿನ ಭಾರ ಹೊತ್ತು ಸಡಿಲವಾಗಿಯೇ ಇರುತ್ತದೆ. ಒಂದು ದಿನ ಅದೇ ಸ್ನಾಯು ಲಯಬದ್ಧವಾಗಿ ಬಿಗಿಯತೊಡಗುತ್ತದೆ. ಅದೇ ಹೆರಿಗೆ ನೋವು. 37 ವಾರ ತುಂಬುವ ಮೊದಲೇ ಇದು ಆರಂಭವಾದರೆ ಮಗುವಿನ ಜೀವಕ್ಕೇ ಅಪಾಯ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, 2020ರಲ್ಲಿ ಜಗತ್ತಿನಲ್ಲಿ ಸುಮಾರು 1.34 ಕೋಟಿ ಶಿಶುಗಳು ಅವಧಿಗೆ ಮುನ್ನ ಜನಿಸಿದವು. ಅವುಗಳಲ್ಲಿ ಸುಮಾರು 30 ಲಕ್ಷ ಭಾರತದವು.

ಹಾಗಾದರೆ ಸ್ನಾಯುವಿಗೆ ಅಪ್ಪಣೆ ಕೊಡುವುದು ಯಾವುದು? ಉತ್ತರ ಸ್ನಾಯುಕೋಶದೊಳಗೇ ಇದೆ. ಯಾವ ವಂಶವಾಹಿ ಯಾವಾಗ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಅಲ್ಲಿನ ಸಂಕೇತವಾಹಕ ಪ್ರೊಟೀನ್‌ಗಳು ನಿರ್ಧರಿಸುತ್ತವೆ.

ತಡೆಯುವ ಪ್ರೊಟೀನ್‌ಗಳು

ಗರ್ಭವನ್ನು ಕಾಯುವ ಹಾರ್ಮೋನ್ ಪ್ರೊಜೆಸ್ಟರಾನ್. ಅದು ಕೋಶದಲ್ಲಿರುವ ಗ್ರಾಹಕ ಪ್ರೊಟೀನನ್ನು ಸೇರುತ್ತದೆ. ಈ ಜೋಡಿ ಡಿಎನ್‌ಎಗೆ ಅಂಟಿಕೊಂಡು ಜೆಬ್-1 ಎಂಬ ಪ್ರೊಟೀನಿನ ಉತ್ಪಾದನೆಯನ್ನು ಹೆಚ್ಚಿಸುತ್ತದೆ. ಜೆಬ್-1 ಮತ್ತು ಅದರ ಸೋದರ ಪ್ರೊಟೀನ್ ಜೆಬ್-2 ಎರಡು ಮುಖ್ಯ ವಂಶವಾಹಿಗಳ ಬಾಯಿ ಕಟ್ಟುತ್ತವೆ.

ಅವುಗಳಲ್ಲಿ ಒಂದು ಕನೆಕ್ಸಿನ್-43ರ ವಂಶವಾಹಿ. ಈ ಪ್ರೊಟೀನ್ ಅಕ್ಕಪಕ್ಕದ ಕೋಶಗಳ ನಡುವೆ ಕಿಂಡಿ ನಿರ್ಮಿಸಿ, ವಿದ್ಯುತ್ ಸಂಕೇತ ಹರಿಯುವಂತೆ ಮಾಡುತ್ತದೆ. ಆಗಲೇ ಕೋಶಗಳೆಲ್ಲ ಒಟ್ಟಾಗಿ ಬಿಗಿಯಲು ಸಾಧ್ಯ. ಇನ್ನೊಂದು, ನೋವು ಬರಿಸುವ ಆಕ್ಸಿಟೋಸಿನ್ ಹಾರ್ಮೋನಿನ ಗ್ರಾಹಕಕ್ಕೆ ಸಂಬಂಧಿಸಿದ್ದು. ದಿನ ಸಮೀಪಿಸಿದಂತೆ ಮಿರ್-200 ಎಂಬ ಪುಟ್ಟ ಆರ್‌ಎನ್‌ಎಗಳು ಹೆಚ್ಚಾಗಿ ಜೆಬ್ ಪ್ರೊಟೀನ್‌ಗಳನ್ನು ಕುಗ್ಗಿಸುತ್ತವೆ. ಅದುವರೆಗೆ ಸುಮ್ಮನಿದ್ದ ವಂಶವಾಹಿಗಳು ಎಚ್ಚರಗೊಳ್ಳುತ್ತವೆ. ಅಮೆರಿಕದ ಟೆಕ್ಸಾಸ್‌ನ ವಿಜ್ಞಾನಿ ಕ್ಯಾರೋಲ್ ಮೆಂಡೆಲ್ಸನ್ ಅವರ ತಂಡ 2010ರಲ್ಲಿ ಇದನ್ನು ತೋರಿಸಿಕೊಟ್ಟಿತು.

ಹಾರ್ಮೋನ್ ಇದ್ದರೂ ಫಲವಿಲ್ಲ

ಇಲಿ, ಕುರಿಗಳಲ್ಲಿ ಹೆರಿಗೆಗೆ ಮುನ್ನ ರಕ್ತದಲ್ಲಿನ ಪ್ರೊಜೆಸ್ಟರಾನ್ ಇಳಿಯುತ್ತದೆ. ಮನುಷ್ಯರಲ್ಲಿ ಹಾಗಲ್ಲ. ಹೆರಿಗೆ ನೋವಿನ ವೇಳೆಯಲ್ಲೂ ಅದು ಧಾರಾಳವಾಗಿರುತ್ತದೆ. ಆದರೆ ಅದರ ಮಾತು ನಡೆಯುವುದಿಲ್ಲ. ಅದರ ಗ್ರಾಹಕದಲ್ಲಿ ಎ ಮತ್ತು ಬಿ ಎಂಬ ಎರಡು ರೂಪಗಳಿವೆ. ಸ್ನಾಯುವನ್ನು ಶಾಂತವಾಗಿಡುವುದು ಮುಖ್ಯವಾಗಿ ಬಿ. ಹೆರಿಗೆ ಸಮೀಪಿಸಿದಾಗ ಎ ರೂಪದ ಪಾಲು ಹೆಚ್ಚುತ್ತದೆ.

ಸೋಂಕು, ಉರಿಯೂತಗಳಿದ್ದರೆ ಎನ್‌ಎಫ್-ಕಪ್ಪಾ ಬಿ ಎಂಬ ಮತ್ತೊಂದು ಪ್ರೊಟೀನ್ ಕೋಶಕೇಂದ್ರವನ್ನು ಪ್ರವೇಶಿಸಿ, ಸ್ನಾಯುವನ್ನು ಕೆರಳಿಸುವ ಪ್ರೊಸ್ಟಾಗ್ಲಾಂಡಿನ್‌ಗಳ ತಯಾರಿಕೆಗೆ ಚಾಲನೆ ನೀಡುತ್ತದೆ. ಗರ್ಭಿಣಿಯರ ಸೋಂಕನ್ನು ವೈದ್ಯರು ಹಗುರವಾಗಿ ಪರಿಗಣಿಸದಿರಲು ಇದೂ ಒಂದು ಕಾರಣ.

ಔಷಧ ಹಿಂತೆಗೆತ

ಅವಧಿಪೂರ್ವ ಹೆರಿಗೆ ತಡೆಯಲೆಂದು ಅಮೆರಿಕ 2011ರಲ್ಲಿ ಪ್ರೊಜೆಸ್ಟರಾನ್ ಮಾದರಿಯ ಚುಚ್ಚುಮದ್ದು ಮೆಕೀನಾಗೆ ಅನುಮತಿ ನೀಡಿತ್ತು. ನಂತರದ ದೊಡ್ಡ ಪರೀಕ್ಷೆಯಲ್ಲಿ ಅದರ ಪ್ರಯೋಜನ ಸಾಬೀತಾಗಲಿಲ್ಲ. 2023ರ ಏಪ್ರಿಲ್‌ನಲ್ಲಿ ಅನುಮತಿ ರದ್ದಾಯಿತು. ಗರ್ಭಕೋಶದ ಕಂಠ ಗಿಡ್ಡವಾಗಿರುವವರಿಗೆ ಯೋನಿಯ ಮೂಲಕ ಪ್ರೊಜೆಸ್ಟರಾನ್ ಕೊಡುವ ಪದ್ಧತಿ ಮಾತ್ರ ಈಗಲೂ ಇದೆ. ಹಾರ್ಮೋನ್ ಪೂರೈಸುವುದಷ್ಟೇ ಅಲ್ಲ, ಕೋಶ ಅದರ ಮಾತು ಕೇಳುವಂತೆ ಮಾಡುವುದೂ ಸಂಶೋಧಕರ ಮುಂದಿರುವ ಸವಾಲು.

ಅಲ್ಲಿಯವರೆಗೆ ಎಚ್ಚರವೇ ಆಸರೆ. 37 ವಾರಗಳಿಗೆ ಮುನ್ನ ಹೊಟ್ಟೆ ಪದೇ ಪದೇ ಬಿಗಿಯುವುದು, ನೀರು ಹೋಗುವುದು, ರಕ್ತಸ್ರಾವ ಕಂಡುಬಂದರೆ 'ಸುಳ್ಳು ನೋವು' ಎಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಸಕಾಲದಲ್ಲಿ ತಲುಪಿದರೆ, ಮಗುವಿನ ಶ್ವಾಸಕೋಶ ಬಲಿಯಲು ನೆರವಾಗುವ ಸ್ಟೆರಾಯ್ಡ್ ಚುಚ್ಚುಮದ್ದನ್ನು ತಾಯಿಗೆ ನೀಡಲು ವೈದ್ಯರಿಗೆ ಅವಕಾಶ ದೊರೆಯುತ್ತದೆ.