ವಜ್ರದ ಸಾಣೆಚಕ್ರ: ಬಳಕೆ ಮತ್ತು ಜೋಪಾನ

ಪುಣೆಯ ಭೋಸರಿ, ಚೆನ್ನೈಯ ಅಂಬತ್ತೂರು, ಹೈದರಾಬಾದಿನ ಬಾಲಾನಗರದಂತಹ ಕೈಗಾರಿಕಾ ಪ್ರದೇಶಗಳ ಸಣ್ಣ ವರ್ಕ್‌ಶಾಪುಗಳಲ್ಲಿ ಕಾರ್ಬೈಡ್ ಟೂಲ್‌ಗಳಿಗೆ ಸಾಣೆ ಹಿಡಿಯಲು ವಜ್ರದ ಚಕ್ರವನ್ನು ಬಳಸುತ್ತಾರೆ. ಸಾಮಾನ್ಯ ಸಾಣೆಕಲ್ಲಿಗಿಂತ ಇದರ ಬೆಲೆ ಹಲವು ಪಟ್ಟು ಹೆಚ್ಚು. ಆದರೆ ಅಜಾಗರೂಕತೆಯಿಂದ ಬಳಸಿದರೆ ಅದು ಬಹುಬೇಗ ಸವೆದುಹೋಗುತ್ತದೆ. ಈ ಉದ್ಯಮದಲ್ಲಿ ತೊಡಗಿರುವ ಕನ್ನಡಿಗರಿಗೆ ನೆರವಾಗಲೆಂದು ಕೆಲವು ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಚಕ್ರವಿಡೀ ವಜ್ರವಲ್ಲ. ಅಂಚಿನ ಕೆಲವೇ ಮಿಲಿಮೀಟರ್ ದಪ್ಪದ ಪದರದಲ್ಲಿ ಮಾತ್ರ ವಜ್ರದ ಕಣಗಳಿದ್ದು, ರಾಳ, ಲೋಹ ಅಥವಾ ಗಾಜಿನಂಥ ಬಂಧಕವು ಅವನ್ನು ಹಿಡಿದಿಟ್ಟಿರುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯು ಕೃತಕ ವಜ್ರ ತಯಾರಿಕೆಯನ್ನು 1955ರಲ್ಲಿ ಪ್ರಕಟಿಸಿದ ತರುವಾಯ ಇಂಥ ಚಕ್ರಗಳ ಬಳಕೆ ವ್ಯಾಪಕವಾಯಿತು. ಚಕ್ರದ ಮೇಲಿನ 100 ಎಂಬ ಸಾಂದ್ರತೆಯ ಅಂಕಿಗೆ ಒಂದು ಘನ ಸೆಂಟಿಮೀಟರಿನಲ್ಲಿ 4.4 ಕ್ಯಾರೆಟ್ ವಜ್ರವಿದೆ ಎಂದರ್ಥ.

ಉಕ್ಕನ್ನು ಈ ಚಕ್ರಕ್ಕೆ ತಾಗಿಸಬಾರದು. ವಜ್ರವು ಇಂಗಾಲದ ಒಂದು ರೂಪ. ಕಾದ ಕಬ್ಬಿಣವು ಇಂಗಾಲವನ್ನು ಹೀರಿಕೊಳ್ಳುವುದರಿಂದ ಕಣಗಳು ಬೇಗನೆ ಸವೆಯುತ್ತವೆ. ಉಕ್ಕಿನ ಹಿಡಿಗೆ ಬೆಸೆದ ಕಾರ್ಬೈಡ್ ಟೂಲಾದರೆ, ಮೊದಲು ಉಕ್ಕಿನ ಭಾಗವನ್ನು ಸಾಮಾನ್ಯ ಚಕ್ರದಲ್ಲಿ ತಗ್ಗಿಸಿ, ಬಳಿಕ ಕಾರ್ಬೈಡ್ ತುದಿಯನ್ನು ಮಾತ್ರ ವಜ್ರಕ್ಕೆ ಒಡ್ಡಬೇಕು.

ಜೋಡಿಸುವ ಮುನ್ನ ಬಿರುಕುಗಳಿವೆಯೇ ಎಂದು ಪರೀಕ್ಷಿಸಿ, ಚಕ್ರದ ಮೇಲೆ ನಮೂದಿಸಿದ ಗರಿಷ್ಠ ವೇಗವನ್ನು ಯಂತ್ರದ ವೇಗವು ಮೀರದಂತೆ ನೋಡಿಕೊಳ್ಳಬೇಕು. ತಿರುಗುವಾಗಿನ ಓಲಾಟವನ್ನು ಡಯಲ್ ಗೇಜಿನಿಂದ ಅಳೆದು, ಅದು 0.02 ಮಿಲಿಮೀಟರಿನೊಳಗೆ ಇರುವಂತೆ ಸರಿಪಡಿಸುವುದು ಒಳಿತು. ಚಕ್ರವನ್ನು ಅದರ ಫ್ಲೇಂಜಿನೊಂದಿಗೇ ತೆಗೆದಿಟ್ಟರೆ ಪ್ರತಿ ಬಾರಿಯೂ ಹೊಸದಾಗಿ ಸಮಗೊಳಿಸುವ ಶ್ರಮ ಮತ್ತು ಆ ಕೆಲಸದಲ್ಲಿ ಸವೆದುಹೋಗುವ ವಜ್ರ ಎರಡೂ ಬಹುಪಾಲು ಉಳಿಯುತ್ತವೆ.

ಚಕ್ರವು ಸರಿಯಾಗಿ ಕೊರೆಯದಿದ್ದಾಗ ಟೂಲನ್ನು ಇನ್ನಷ್ಟು ಬಲವಾಗಿ ಒತ್ತುವುದು ತಪ್ಪು. ಅದರಿಂದ ಶಾಖವೇರಿ ರಾಳ ಸುಟ್ಟುಹೋಗುತ್ತದೆ. ಕಣಗಳ ನಡುವೆ ಪುಡಿ ತುಂಬಿಕೊಂಡಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಬಿಳಿಯ ಅಲ್ಯೂಮಿನಿಯಂ ಆಕ್ಸೈಡ್ ಡ್ರೆಸ್ಸಿಂಗ್ ಕಡ್ಡಿಯನ್ನು ನೀರಿನಲ್ಲಿ ನೆನೆಸಿ ಹಗುರವಾಗಿ ಹಿಡಿದರೆ ಬಂಧಕವು ಸ್ವಲ್ಪ ಸವೆದು ಕಣಗಳ ಮೊನೆ ಮತ್ತೆ ಹೊರಬರುತ್ತದೆ. ಕೂಲಂಟ್ ಬಳಸುವುದಾದರೆ ಎಡೆಬಿಡದೆ ಹರಿಸಬೇಕು. ಹನಿಹನಿಯಾಗಿ ಬಿದ್ದರೆ, ಕಾದ ಕಾರ್ಬೈಡ್ ಥಟ್ಟನೆ ತಣಿದು ಬಿರುಕುಬಿಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ದುಡಿಯುವವರ ಆರೋಗ್ಯ. ಕಾರ್ಬೈಡಿನಲ್ಲಿ ಸಾಮಾನ್ಯವಾಗಿ ಕೋಬಾಲ್ಟ್ ಬೆರೆತಿರುತ್ತದೆ. ಅದರ ನುಣ್ಣನೆಯ ಧೂಳು ವರ್ಷಾನುಗಟ್ಟಲೆ ಉಸಿರಿನೊಡನೆ ಒಳಹೋದರೆ ಶ್ವಾಸಕೋಶವು ಮರಳಿ ಸರಿಹೋಗದಷ್ಟು ಕೆಡಬಹುದು. ಆದುದರಿಂದ ಧೂಳು ಹೀರುವ ಯಂತ್ರ, ಸೂಕ್ತ ಮುಖಗವಸು ಮತ್ತು ಕನ್ನಡಕ ಇರಲೇಬೇಕು. ಕೂಲಂಟನ್ನು ಆಗಾಗ ಸೋಸಿ ಬದಲಿಸಬೇಕು. ಸವೆದ ಚಕ್ರಕ್ಕೆ ಬದಲಾಗಿ ಹೊಸತನ್ನು ಕೊಳ್ಳಬಹುದು, ಶ್ವಾಸಕೋಶಕ್ಕೆ ಆ ಅನುಕೂಲವಿಲ್ಲ.