ಕೀಲಿಕೈ ಯಾರ ಕೈಯಲ್ಲಿದೆ?

ಕಲಬುರಗಿಯ ಹೆಸರನ್ನು ಹೇಳಿದೊಡನೆ ತೊಗರಿಬೇಳೆಯೂ, ಕಮಲಾಪುರದ ಹೆಸರನ್ನು ಹೇಳಿದೊಡನೆ ಕೆಂಪು ಬಾಳೆಹಣ್ಣೂ ನೆನಪಿಗೆ ಬರುವುದು ಸಹಜ. ಆದರೆ ಈ ಎರಡು ಊರುಗಳ ವ್ಯವಹಾರವು ಇಂದು ಇನ್ನೊಂದು ವಸ್ತುವನ್ನೂ ಆಶ್ರಯಿಸಿದೆ. ಅದು ಕಣ್ಣಿಗೆ ಕಾಣುವಂಥದಲ್ಲ. ತಕ್ಕಡಿಗೆ ಸಿಕ್ಕುವಂಥದೂ ಅಲ್ಲ. ಅದೊಂದು ಬಹು ದೊಡ್ಡ ಸಂಖ್ಯೆ. ಅದನ್ನು ಕಾಪಾಡಿಕೊಂಡವನ ಸಹಿ ಅವನದಾಗಿಯೇ ಉಳಿಯುವುದು. ಕಳೆದುಕೊಂಡವನ ಸಹಿ ಪರರ ಪಾಲಾಗುವುದು.

ಕಲಬುರಗಿಯಲ್ಲಿ ಕಂಪನಿಯಾಗಿ ನೋಂದಣಿಗೊಂಡ ಬೇಳೆ ಗಿರಣಿಯೊಂದನ್ನು ಊಹಿಸಿಕೊಳ್ಳೋಣ. ಅದು ಜಿ.ಎಸ್.ಟಿ. ಲೆಕ್ಕವನ್ನು ಸಲ್ಲಿಸಬೇಕು, ಕಂಪನಿಯ ವಾರ್ಷಿಕ ವಿವರಗಳನ್ನು ಕೊಡಬೇಕು, ಸರ್ಕಾರದ ಟೆಂಡರಿಗೆ ದರವನ್ನು ನಮೂದಿಸಬೇಕು. ಇವೆಲ್ಲಕ್ಕೂ ಈಗ ಶಾಯಿಯ ಸಹಿ ಸಲ್ಲದು, ಡಿಜಿಟಲ್ ಸಹಿಯೇ ಬೇಕು. ಅತ್ತ ಕಮಲಾಪುರದ ರೈತನು ತನ್ನ ಹೊಲದ ಪಹಣಿಯನ್ನು 'ಭೂಮಿ' ಯೋಜನೆಯ ಗಣಕದಿಂದ ಪಡೆಯುವಾಗ, ಅದಕ್ಕೆ ಬೆಲೆ ಬರುವುದೂ ಇಂಥ ಸಹಿಯಿಂದಲೇ.

ಈ ಸಹಿಯ ಮರ್ಮವೇನು? 1977ರಲ್ಲಿ ಅಮೆರಿಕದಲ್ಲಿ ರಿವೆಸ್ಟ್, ಶಮೀರ್, ಏಡ್ಲ್‌ಮನ್ ಎಂಬ ಮೂವರು ವಿದ್ವಾಂಸರು ಒಂದು ಉಪಾಯವನ್ನು ರೂಪಿಸಿದರು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ. ಗುಣಲಬ್ಧವನ್ನು ಮಾತ್ರ ಕೊಟ್ಟು, ಮೂಲ ಸಂಖ್ಯೆಗಳನ್ನು ಹುಡುಕೆಂದರೆ ಕೆಲಸ ಬಹಳ ಕಠಿಣ. ಈ ತತ್ತ್ವದ ಮೇಲೆ ಅವರು ಜೋಡಿ ಕೀಲಿಕೈಗಳನ್ನು ಕಟ್ಟಿದರು. ಒಂದು ಬಹಿರಂಗ, ಅದನ್ನು ಲೋಕಕ್ಕೆಲ್ಲ ಹಂಚಬಹುದು. ಇನ್ನೊಂದು ಗುಪ್ತ, ಅದು ಒಡೆಯನಲ್ಲಿಯೇ ಇರತಕ್ಕದ್ದು. ಬಹಿರಂಗ ಕೀಲಿಕೈಯಿಂದ ಮುಚ್ಚಿದ ಸಂದೇಶವನ್ನು ಗುಪ್ತ ಕೀಲಿಕೈಯೊಂದೇ ತೆರೆಯಬಲ್ಲದು. ಹಾಗೆಯೇ ಗುಪ್ತ ಕೀಲಿಕೈಯಿಂದ ಹಾಕಿದ ಸಹಿಯನ್ನು ಬಹಿರಂಗ ಕೀಲಿಕೈಯಿಂದ ಯಾರಾದರೂ ಪರೀಕ್ಷಿಸಬಹುದು. ಸಹಿಯಾದ ಬಳಿಕ ಪತ್ರದ ಒಂದಕ್ಷರ ಬದಲಾದರೂ ಪರೀಕ್ಷೆ ವಿಫಲವಾಗುವುದು. ಸಾಮಾನ್ಯವಾಗಿ ಬಳಸುವ 2048 ದ್ವಿಮಾನ ಅಂಕೆಗಳ ಗುಣಲಬ್ಧವನ್ನು ನಮ್ಮ ದಶಮಾನ ಪದ್ಧತಿಯಲ್ಲಿ ಬರೆದರೆ 617 ಅಂಕೆಗಳಾಗುವುವು. ಅದನ್ನು ಬಿಡಿಸಿದ ಗಣಕ ಇನ್ನೂ ಹುಟ್ಟಿಲ್ಲ.

ಆದರೆ ಬಹಿರಂಗ ಕೀಲಿಕೈ ಇಂಥ ಗಿರಣಿಯವರದೇ ಎಂದು ನಂಬುವುದು ಹೇಗೆ? ಹಾಗೆಂದು ಸಾಕ್ಷಿ ನುಡಿಯುವ ಪತ್ರವೇ ಡಿಜಿಟಲ್ ಪ್ರಮಾಣಪತ್ರ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದಂತೆ, ಕೇಂದ್ರ ಸರ್ಕಾರದ ನಿಯಂತ್ರಣಾಧಿಕಾರಿಯಿಂದ ಪರವಾನಗಿ ಪಡೆದ ಸಂಸ್ಥೆಗಳು ಅರ್ಜಿದಾರನ ಗುರುತನ್ನು ಪರಿಶೀಲಿಸಿ ಇದನ್ನು ನೀಡುವುವು.

ಗುಪ್ತ ಕೀಲಿಕೈ ಇರುವುದು ಹೆಬ್ಬೆರಳಿನಷ್ಟು ದೊಡ್ಡದಾದ ಟೋಕನ್ನಿನೊಳಗೆ. ಸಹಿಯ ಲೆಕ್ಕವೆಲ್ಲ ಅದರೊಳಗೇ ನಡೆಯುವುದರಿಂದ ಕೀಲಿಕೈ ಹೊರಗೆ ಬರುವುದೇ ಇಲ್ಲ. ಅದನ್ನು ನಕಲು ಮಾಡಲೂ ಆಗದು. ಪಿನ್ ಸಂಖ್ಯೆಯನ್ನು ಹಲವು ಸಲ ತಪ್ಪಾಗಿ ಒತ್ತಿದರೆ ಟೋಕನ್ ತಾನಾಗಿ ಮುಚ್ಚಿಕೊಳ್ಳುವುದು. ಇಷ್ಟೆಲ್ಲ ಭದ್ರತೆಯಿದ್ದೂ ಅಪಾಯವೆಲ್ಲಿ? ಟೋಕನ್ನನ್ನೂ ಪಿನ್ನನ್ನೂ ಒಟ್ಟಿಗೆ ಲೆಕ್ಕಪತ್ರದವರ ಮೇಜಿನ ಮೇಲೆ ಬಿಟ್ಟುಬರುವ ರೂಢಿಯಲ್ಲಿ. ಟೋಕನ್ ಬಲ್ಲದ್ದು ಪಿನ್ನನ್ನು ಮಾತ್ರ. ಅದನ್ನು ಒತ್ತಿದ ಬೆರಳು ಯಾರದೆಂಬುದನ್ನು ಅದು ಅರಿಯದು. ಕಾನೂನಾದರೂ ಸ್ಪಷ್ಟವಾಗಿದೆ. ಕೀಲಿಕೈಯನ್ನು ತನ್ನ ಹತೋಟಿಯಲ್ಲಿಟ್ಟುಕೊಳ್ಳುವುದು ಪ್ರಮಾಣಪತ್ರ ಪಡೆದವನ ಕರ್ತವ್ಯವೆಂದೂ, ಅದು ಕೈತಪ್ಪಿದ ಸಂಗತಿಯನ್ನು ಸಂಸ್ಥೆಗೆ ತಿಳಿಸುವವರೆಗೆ ಹೊಣೆ ಅವನದೇ ಎಂದೂ ಅಧಿನಿಯಮದ 42ನೆಯ ಪ್ರಕರಣ ಹೇಳುತ್ತದೆ. ಟೆಂಡರಿಗೆ ಅನ್ಯನೊಬ್ಬನು ದರ ನಮೂದಿಸಿದರೂ ಅದು ಮಾಲೀಕನ ಮಾತೆಂದೇ ಎಣಿಕೆಯಾಗಬಹುದು.

ಜಾಲತಾಣಗಳ ಕೀಲಿಕೈಗಳದು ಬೇರೊಂದು ಪಾಡು. ಅವು ಅನೇಕ ವೇಳೆ ಗಣಕದೊಳಗಿನ ಸಾಮಾನ್ಯ ಕಡತಗಳಾಗಿರುವುವು. ಟೋಕನ್ ಕಳೆದರೆ ಇಲ್ಲವೆಂಬುದಾದರೂ ತಿಳಿದೀತು. ಕಡತದ ನಕಲನ್ನು ಕದ್ದರೆ ಮೂಲವು ಇದ್ದಲ್ಲಿಯೇ ಇರುವುದು, ಒಡೆಯನಿಗೆ ಸುಳಿವೂ ಹತ್ತದು. ಆದುದರಿಂದಲೇ ದೊಡ್ಡ ಬ್ಯಾಂಕುಗಳು ಕೀಲಿಕೈಗಳನ್ನು ಪ್ರತ್ಯೇಕ ಭದ್ರತಾ ಯಂತ್ರದಲ್ಲಿ ಇಡುವುವು. ಕಳುವಾದ ಕೀಲಿಕೈ ಬಹುಕಾಲ ಉಪಯೋಗಕ್ಕೆ ಬಾರದಿರಲೆಂದು, ಜಾಲತಾಣಗಳ ಪ್ರಮಾಣಪತ್ರದ ಗರಿಷ್ಠ ಆಯುಸ್ಸನ್ನು 2029ರ ಮಾರ್ಚ್ ವೇಳೆಗೆ 47 ದಿನಗಳಿಗೆ ಇಳಿಸಲು ಸಂಬಂಧಪಟ್ಟ ಅಂತರರಾಷ್ಟ್ರೀಯ ವೇದಿಕೆಯು 2025ರಲ್ಲಿ ನಿಶ್ಚಯಿಸಿತು.

ಇದು ಬರಿಯ ಅಂಜಿಕೆಯಲ್ಲ. 2010ರಲ್ಲಿ ಬೆಳಕಿಗೆ ಬಂದ 'ಸ್ಟಕ್ಸ್‌ನೆಟ್' ಎಂಬ ವಿಧ್ವಂಸಕ ತಂತ್ರಾಂಶವು ತೈವಾನಿನ ಎರಡು ಕಂಪನಿಗಳ ಕದ್ದ ಕೀಲಿಕೈಗಳಿಂದ ಸಹಿ ಹೊಂದಿತ್ತು. ಗಣಕಗಳು ಅದನ್ನು ಸಭ್ಯನೆಂದೇ ಬರಮಾಡಿಕೊಂಡವು. 2011ರಲ್ಲಿ ನೆದರ್ಲೆಂಡ್ಸಿನ ಡಿಜಿನೋಟಾರ್ ಸಂಸ್ಥೆಯೊಳಗೆ ನುಗ್ಗಿದವರು ಐನೂರಕ್ಕೂ ಹೆಚ್ಚು ಸುಳ್ಳು ಪ್ರಮಾಣಪತ್ರಗಳನ್ನು ಹೊರಡಿಸಿದರು. ಅದೇ ಸೆಪ್ಟೆಂಬರಿನಲ್ಲಿ ಸಂಸ್ಥೆ ದಿವಾಳಿಯೆದ್ದಿತು. 2014ರ ಜುಲೈಯಲ್ಲಿ ನಮ್ಮ ದೇಶದ ಎನ್.ಐ.ಸಿ.ಯ ಹೆಸರಿನಲ್ಲಿಯೂ ಅನಧಿಕೃತ ಪ್ರಮಾಣಪತ್ರಗಳು ಕಂಡುಬಂದು, ನಿಯಂತ್ರಣಾಧಿಕಾರಿಯು ಅದರ ಪ್ರಮಾಣಾಧಿಕಾರವನ್ನು ರದ್ದುಪಡಿಸಬೇಕಾಯಿತು. ಈ ಮೂರರಲ್ಲಿಯೂ ಕೀಲಿಕೈಯ ಗಣಿತವು ಸೋಲಲಿಲ್ಲ; ಸೋತದ್ದು ಕಾವಲು.

ಹಾಗಾದರೆ ವ್ಯಾಪಾರಸ್ಥರು ಮಾಡತಕ್ಕದ್ದೇನು? ಉಪಾಯಗಳು ಸರಳವಾದುವು. ಕೆಲಸ ಮುಗಿದೊಡನೆ ಟೋಕನ್ನನ್ನು ಗಣಕದಿಂದ ಕಿತ್ತು ತಿಜೋರಿಯಲ್ಲಿಡಬೇಕು. ಅದರೊಡನೆ ಬಂದ ಪಿನ್ನನ್ನು ಮೊದಲ ದಿನವೇ ಬದಲಿಸಬೇಕು. ಚೀಟಿಯಲ್ಲಿ ಬರೆದು ಅಂಟಿಸಕೂಡದು. ನೌಕರನು ಸಹಿ ಮಾಡಬೇಕಾದಲ್ಲಿ ಮಾಲೀಕನ ಟೋಕನ್ನನ್ನು ಎರವಲು ಕೊಡದೆ, ಅವನಿಗೆ ಅಧಿಕಾರಪತ್ರದೊಡನೆ ಅವನದೇ ಹೆಸರಿನ ಪ್ರಮಾಣಪತ್ರವನ್ನು ಮಾಡಿಸಿಕೊಡುವುದು ಲೇಸು. ಯಾವ ಪ್ರಮಾಣಪತ್ರ ಯಾರಲ್ಲಿದೆ, ಅದರ ಅವಧಿ ಎಂದಿಗೆ ತೀರುವುದು ಎಂಬುದಕ್ಕೆ ಒಂದು ವಹಿಯಿರಲಿ. ಟೋಕನ್ ಕಳೆದರೆ ಹುಡುಕುತ್ತ ದಿನ ನೂಕದೆ, ಪ್ರಮಾಣಪತ್ರವನ್ನು ತಕ್ಷಣವೇ ರದ್ದುಗೊಳಿಸಬೇಕು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬುದು ನಮ್ಮ ಗಾದೆ. ಬಹಮನಿ ಕೋಟೆಯ ನೆರಳಿನಲ್ಲಿ ವ್ಯಾಪಾರ ಮಾಡುವ ಕಲಬುರಗಿಯವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.